ಇರಾನಿಗೆ ಹೊರಟವಳಿಗೆ ಊರೆಲ್ಲ ಹೇಳಿದ ಜೋಪಾನ

ಊರು ಬಿಟ್ಟು ಹೊರಟವರಿಗೆ ಬುತ್ತಿ ಕಟ್ಟಿಕೊಡುವವರು ಕಡಿಮೆ, ಬುದ್ಧಿ ಕಟ್ಟಿಕೊಡುವವರು ಜಾಸ್ತಿ. ನನ್ನ ವಿಷಯದಲ್ಲಂತೂ ಇದು ಒಮ್ಮೆಯೂ ತಪ್ಪಿದ್ದಿಲ್ಲ. ದುರ್ಗದಿಂದ ದಾವಣಗೆರೆಗೆ ಹೊರಟರೂ ಯಾರಾದರೊಬ್ಬರು ಅಡ್ಡ ಬಂದು "ಜೋಪಾನ" ಅನ್ನುತ್ತಾರೆ, ಆ ಜೋಪಾನದಿಂದಲೇ ಒಂದು ಫಜೀತಿ ಹುಟ್ಟುತ್ತದೆ. ಅಂಥದ್ದರಲ್ಲಿ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಇರಾನಿಗೆ ಹೊರಟೆ.

ಆಗ ನಾನು ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿರಲಿಲ್ಲ. ಅಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್; ಯಾವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿ ಕೂಡಿಸಿಕೊಡುವ ಕೆಲಸ. ಇರಾನಿನ ಆಸ್ಪತ್ರೆಗಳಿಗೆ ನಮ್ಮ ಕಡೆಯ ನರ್ಸುಗಳನ್ನು ಕರೆಯುತ್ತಿದ್ದಾರೆ ಅಂತ ತಿಳಿದು ಅರ್ಜಿ ಹಾಕಿದೆ, ಆಯ್ಕೆಯೂ ಆದೆ. ಆಮೇಲೆ ಪೇಪರಿನಲ್ಲಿ ಅಲ್ಲಿ ಗಲಾಟೆ, ಗುಂಡು, ಕರ್ಫ್ಯೂ ಅಂತ ಬರತೊಡಗಿತು. ಒಳಗೊಳಗೆ ನನಗೂ ಭಯವಿತ್ತು. ಆದರೆ ಕೂತು ಹೆದರುವುದಕ್ಕೆ ಪುರಸೊತ್ತು ಎಲ್ಲಿತ್ತು? ಸುತ್ತಲಿನವರೆಲ್ಲ ಸೇರಿ ನನ್ನನ್ನು ಕಾಪಾಡಲು ಶುರುಮಾಡಿದ್ದರು.

ನಮಗೆ ಮಗಳೇ ಇಲ್ಲ

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ಇದನ್ನು ನಾನು ಮನೆಯಲ್ಲಿ ಹೇಳಿದ್ದೆ. ಅಪ್ಪ ಕೇಳಿಸಿಕೊಂಡಿದ್ದರು. ಅಮ್ಮ ಒಗ್ಗರಣೆ ಹಾಕುತ್ತಿದ್ದಳು, ಕೇಳಿಸಿಕೊಂಡಿರಲಿಲ್ಲ.

ನಾನು ದುರ್ಗದಲ್ಲಿ ಡ್ಯೂಟಿಯಲ್ಲಿದ್ದಾಗ ಒಬ್ಬ ಪೊಲೀಸಿನವನು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದ. ಮೊದಲು ಪಕ್ಕದ ಮನೆಯಾಕೆಗೆ ನನ್ನ ಹೆಸರು ಹೇಳಿ ಕೇಳಿದ.

"ಈ ಹುಡುಗಿ ಗೊತ್ತೇನಮ್ಮ?"

ಆಕೆ ನನ್ನನ್ನು ಎತ್ತಿ ಆಡಿಸಿದವಳು. "ಇಲ್ರಪ್ಪ, ಈ ಹೆಸ್ರೇ ಕೇಳಿಲ್ಲ ನಾನು" ಅಂದಳು.

ಎದುರು ಮನೆಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಈ ಲೈನ್ನಾಗೆ ಹೆಣ್ಮಕ್ಳೇ ಇಲ್ಲ ಸ್ವಾಮಿ. ಬರೀ ಗಂಡುಮಕ್ಳು." ಹಾಗಂದಾಗ ಅವಳ ಇಬ್ಬರು ಹೆಣ್ಣುಮಕ್ಕಳು ಅಂಗಳದಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದರಂತೆ.

ಕೊನೆಗೆ ಅವನು ನಮ್ಮ ಮನೆ ಬಾಗಿಲಿಗೆ ಬಂದ. ಅಮ್ಮ ಸೆರಗು ಹೊದ್ದು ಹೊರಗೆ ಬಂದು, ಕೇಳುವ ಮೊದಲೇ ಹೇಳಿದಳು: "ನಮಗೆ ಮಗಳೇ ಇಲ್ಲ."

ಅವನು ಬಾಗಿಲಿನಿಂದ ಒಳಗೆ ಇಣುಕಿದ. ಗೋಡೆಯ ಮೇಲೆ ನಾನು ನರ್ಸಿನ ಟೋಪಿ ಹಾಕಿಕೊಂಡು ತೆಗೆಸಿದ ಫೋಟೋ ತೂಗುತ್ತಿತ್ತು. "ಮತ್ತೆ ಇದು ಯಾರಮ್ಮ?"

"ಅದು ಕ್ಯಾಲೆಂಡ್ರು" ಅಂದಳು ಅಮ್ಮ.

ಆಮೇಲೆ ನನ್ನನ್ನು ಹೊಳಲ್ಕೆರೆಯ ಪೊಲೀಸ್ ಠಾಣೆಗೆ ಕರೆಸಿದರು. ಅಲ್ಲಿದ್ದ ಅಧಿಕಾರಿ ಬಹಳ ಸಮಾಧಾನದ ಮನುಷ್ಯ. "ನೋಡಮ್ಮ, ನಿಮ್ಮ ಬೀದಿಯವರ ಪ್ರಕಾರ ನೀನು ಇಲ್ಲ. ನಿಮ್ಮ ತಾಯಿ ಪ್ರಕಾರ ನೀನು ಹುಟ್ಟೇ ಇಲ್ಲ. ಹುಟ್ಟದೆ ಇರೋರನ್ನ ಇರಾನಿಗೆ ಹೆಂಗೆ ಕಳ್ಸಾದು?" ಅಂದರು.

ಮಾರನೆಯ ದಿನ ಅಮ್ಮನನ್ನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಬಿಡಿಸಿ ಹೇಳಿದೆ: ಇದು ಕೇಸಲ್ಲ, ಪಾಸ್‌ಪೋರ್ಟು, ನಿಜ ಹೇಳಿದರೆ ಸಾಕು. ಅಮ್ಮ ತಲೆ ಆಡಿಸುತ್ತಲೇ ಇದ್ದಳು. ಅಧಿಕಾರಿ ನನ್ನನ್ನು ತೋರಿಸಿ, "ಈಕೆ ಯಾರಮ್ಮ?" ಅಂದರು. ಅಮ್ಮ ಅವರ ಬೆಲ್ಟು ನೋಡಿದಳು, ಟೋಪಿ ನೋಡಿದಳು, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಏನಂತ ಹೇಳ್ಲೇ? ಮಗ್ಳು ಅಂದ್ರೆ ನಿಂಗೇನೂ ಮಾಡಲ್ಲ ತಾನೇ?"

ಯುದ್ಧ ಕಂಡವರು

ಪೇಪರಿನ ಸುದ್ದಿ ಓದಿ ಓದಿ ಅಪ್ಪನಿಗೆ ಒಂದು ಯೋಚನೆ ಬಂತು. ಹೊಸದುರ್ಗದ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದ ಒಬ್ಬರು ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದರು. "ಅವ್ರು ಯುದ್ಧ ಕಂಡವ್ರು. ಗುಂಡು ಹಾರೋ ಜಾಗದಾಗೆ ಹೆಂಗಿರಬೇಕು ಅಂತ ಅವ್ರನ್ನೇ ಕೇಳಾಣ ನಡಿ" ಅಂದರು.

ನನಗೆ ರಜೆ ಸಿಗುವುದೇ ಅಪರೂಪ. ಇದ್ದ ಒಂದು ರಜೆಯನ್ನು ಆ ಬಸ್ಸಿನ ಧೂಳಿಗೆ ಕೊಟ್ಟು ಹೋದೆ. ಮಿಲಿಟರಿಯವರು ಹುರಿ ಮೀಸೆ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನೋಡಿದರೆ ನನಗೂ ಧೈರ್ಯ ಬಂತು.

"ಕುಂತ್ಕಳ್ರಿ. ಏನಮ್ಮ, ಹೆದ್ರಿಕೆ ಐತಾ?"

"ಸ್ವಲ್ಪ ಐತೆ ಸಾರ್."

"ಹೆದ್ರಬಾರ್ದು. ಒಂದು ಮಾತು ನೆನಪಿಟ್ಕ. ಶೆಲ್ ಬೀಳ್ತಿರ್ಲಿ, ಏನೇ ಆಗ್ಲಿ, ಒಲೆ ಆರಬಾರ್ದು."

ಇದೇನೋ ಸೈನ್ಯದ ಒಳಮಾತು ಇರಬೇಕು, ಒಲೆ ಅಂದರೆ ಧೈರ್ಯ ಅಂತ ಅರ್ಥ ಇರಬೇಕು ಅಂದುಕೊಂಡೆ. ಅವರು ಮುಂದುವರಿಸಿದರು. ಗಡಿಯ ಚಳಿಯಲ್ಲಿ ಬೇಳೆ ಬೇಯುವುದು ಎಷ್ಟು ಕಷ್ಟ, ಉಪ್ಪು ಯಾವಾಗ ಹಾಕಬೇಕು, ಹೊಗೆ ಮೇಲಿನ ವಿಮಾನಕ್ಕೆ ಕಾಣದ ಹಾಗೆ ತಾಡಪಾಲು ಹೇಗೆ ಕಟ್ಟಬೇಕು, ಇನ್ನೂರು ಜನಕ್ಕೆ ರೊಟ್ಟಿ ಹಿಟ್ಟು ಕಲಸುವಾಗ ನೀರು ಎಷ್ಟು. ಅಪ್ಪ ಕೈಕಟ್ಟಿ ಕೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ.

"ಸಾರ್, ಹತ್ತಿರದಾಗೇ ಗುಂಡು ಹಾರಿದ್ರೆ ಏನು ಮಾಡ್ಬೇಕು?"

"ತಕ್ಷಣ ಪಾತ್ರೆ ಮುಚ್ಚಬೇಕು" ಅಂದರು. "ಇಲ್ಲಾಂದ್ರೆ ಮಣ್ಣು ಬೀಳುತ್ತೆ."

ಎಳನೀರು ಕುಡಿಸಿ ಕಳಿಸಿದರು. ಬಸ್ಸು ಹತ್ತಿ ಕೂತೆವು. ಆಮೇಲೆ ಅಪ್ಪ ಮೆಲ್ಲಗೆ, "ಏನಾದ್ರೂ ತಿಳೀತಾ?" ಅಂದರು.

"ಇನ್ನೂರು ಜನಕ್ಕೆ ಅಡಿಗೆ ಮಾಡಾದು ತಿಳೀತು."

ಅಪ್ಪ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡರು. "ಹೋಗ್ಲಿ ಬಿಡು. ಇರಾನಿಗಲ್ದಿದ್ರೂ ನಿನ್ನ ಮದ್ವೆಗಾತು."

ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ

ನನ್ನ ಸೋದರಮಾವ ಹಿರಿಯೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಯಾವಾಗಲೋ ಒಮ್ಮೆ ಬೊಂಬಾಯಿ ನೋಡಿ ಬಂದಿದ್ದರಿಂದ, ಬೊಂಬಾಯಿಯ ಆಚೆಗಿನ ದೇಶಗಳೆಲ್ಲ ತಮಗೆ ಗೊತ್ತು ಅನ್ನುವ ಮನುಷ್ಯ. ನನ್ನನ್ನು ತಯಾರು ಮಾಡುವುದಕ್ಕೆ ಅಂತಲೇ ಅಂಗಡಿಗೆ ರಜೆ ಹಾಕಿ ಬಂದರು.

ತಯಾರಿ ಹೇಗೆಂದರೆ, ಮಾವ ಅಡಿಗೆಮನೆಯ ಬಾಗಿಲಿನಲ್ಲಿ ಒನಕೆಯನ್ನು ಬಂದೂಕಿನ ಹಾಗೆ ಹಿಡಿದು ನಿಲ್ಲುವುದು; ನಾನು ನೀರಿನ ಕೊಡ ಹೊತ್ತು ಬಂದರೆ ಅಡ್ಡ ಹಾಕುವುದು. ನಮ್ಮ ದುರ್ಗದಲ್ಲಿ ಒನಕೆ ಹಿಡಿಯುವುದು ಹೆಂಗಸರ ಕೆಲಸ ಅಂತ ಹೇಳಿದರೂ ಬಿಡಲಿಲ್ಲ.

"ಸಿಪಾಯಿ ಏನ್ ಹೇಳ್ತಾನೋ ಅದನ್ನ ಮಾಡ್ಬೇಕು. ಎದುರು ಮಾತಾಡಬಾರ್ದು. ಇನ್ನ ಗುಂಡು ಹಾರಿದ್ರೆ ಯೋಚ್ನೆ ಮಾಡ್ಕಂತ ನಿಲ್ಲಬಾರ್ದು. ಇದ್ದಲ್ಲೇ ನೆಲಕ್ಕೆ ಬೀಳ್ಬೇಕು. ನಾನು ಯಾವಾಗ ಚಪ್ಪಾಳೆ ತಟ್ತೀನೋ ಆವಾಗ ಬೀಳು" ಅಂದರು.

ಇಡೀ ದಿನ ಮಾವ ಚಪ್ಪಾಳೆ ತಟ್ಟಿದರು, ನಾನು ಬೀಳಲಿಲ್ಲ. ಅಮ್ಮ ಎರಡು ಸಲ ಬಿದ್ದಳು.

ಆ ವಾರವೇ ಏನೋ ಕಾಗದಪತ್ರದ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಮಾವ ಜತೆಗೆ ಬಂದರು. ಹಿರಿಯೂರಿನಲ್ಲಿ ಬಸ್ಸು ನಿಂತಿತು. ಇಬ್ಬರೂ ಇಳಿದು ಟೀ ಕುಡಿಯುತ್ತಿದ್ದೆವು. ಮಾವ ಆಗಲೂ ಪಾಠ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಂದು ಲಾರಿಯ ಟೈರು ಢಂ ಅಂತ ಸಿಡಿಯಿತು. ನಾಯಿಗಳು ಓಡಿದವು, ಕಾಗೆಗಳು ಎದ್ದವು. ನಾನು ತಿರುಗಿ ನೋಡಿದರೆ ಮಾವನ ಟೀ ಲೋಟ ನೆಲದ ಮೇಲಿತ್ತು. ಮಾವ ಇರಲಿಲ್ಲ.

ಶೌಚಾಲಯದ ಕಡೆ ನೋಡಿದೆ, ಹೋಟೆಲಿನ ಒಳಗೆ ನೋಡಿದೆ. ಬಸ್ಸು ಹೊರಡುವ ಹೊತ್ತಾಗಿತ್ತು. ಕೊನೆಗೆ ಕಂಡಕ್ಟರ್ ಬಗ್ಗಿ ನೋಡಿ, "ಯಾರ್ರೀ ಅದು ಬಸ್ಸಿನಡಿ? ಡ್ರೈವರು ಗಾಡಿ ತೆಗೀಬೇಕು, ಬರ್ರಿ ಹೊರಗೆ" ಅಂತ ಕೂಗಿದ.

ಮಾವ ತೆವಳಿಕೊಂಡು ಹೊರಗೆ ಬಂದರು. ಬಿಳಿ ಅಂಗಿಯ ತುಂಬ ಗ್ರೀಸು. ಸುತ್ತ ಜನ ಸೇರಿದ್ದರು. ಮಾವ ಯಾರನ್ನೂ ನೋಡದೆ, ಮೊಣಕೈ ಒರೆಸಿಕೊಳ್ಳುತ್ತಾ ನನಗೇ ಗದರಿದರು: "ನೋಡ್ದಾ? ಹಿಂಗೆ ಬೀಳ್ಬೇಕು. ನೀನು ಇನ್ನೂ ಟೀ ಹಿಡ್ಕಂಡು ನಿಂತಿದೀಯ."

ದಬ್ಬಳದ ಹೊಲಿಗೆ

"ಪಾಸ್‌ಪೋರ್ಟು ಕಳೆದುಕೊಂಡರೆ ಪರದೇಶದಲ್ಲಿ ಗತಿ ಇಲ್ಲ, ಅದನ್ನು ಮೈಮೇಲೇ ಇಟ್ಟುಕೊಳ್ಳಬೇಕು" ಅಂತ ಬೆಂಗಳೂರಿನ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ಮನೆಗೆ ಬಂದು ಆ ಮಾತು ಹೇಳಿದ್ದೇ ತಪ್ಪಾಯಿತು. ಹೊರಡುವ ದಿನ ಅಮ್ಮ ನನ್ನ ಒಳಲಂಗಕ್ಕೆ ಒಂದು ಜೇಬು ಕೂಡಿಸಿ, ಪಾಸ್‌ಪೋರ್ಟನ್ನು ಅದರೊಳಗಿಟ್ಟು, ಬಾಯಿಯನ್ನೂ ಹೊಲಿದುಬಿಟ್ಟಳು. ಸಣ್ಣ ಸೂಜಿಯಲ್ಲಲ್ಲ. ಮೂಟೆ ಹೊಲಿಯುವ ದಬ್ಬಳದಲ್ಲಿ, ಗೋಣಿ ದಾರದಲ್ಲಿ.

ಬೊಂಬಾಯಿಯವರೆಗೆ ಅದನ್ನು ಬಿಚ್ಚುವ ಪ್ರಸಂಗ ಬರಲಿಲ್ಲ. ನನ್ನ ಜತೆ ಅದೇ ಆಸ್ಪತ್ರೆಗೆ ಹೊರಟಿದ್ದ ಕೇರಳದ ಒಬ್ಬ ನರ್ಸು ಅಲ್ಲಿ ಸಿಕ್ಕಳು. ಇಬ್ಬರೂ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತೆವು. ನನ್ನ ಸರದಿ ಬಂತು. ಅಧಿಕಾರಿ ಕೈ ಚಾಚಿದ.

"ಪಾಸ್‌ಪೋರ್ಟ್."

"ಐತೆ ಸಾರ್" ಅಂದೆ, ಗಾಬರಿಯಲ್ಲಿ ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ, "ಇದೆ, ಆದರೆ ಕತ್ತರಿ ಬೇಕು" ಅಂದೆ.

ಅವನಿಗೆ ಏನು ಅರ್ಥವಾಯಿತೋ, ಪಕ್ಕದವನನ್ನು ಕರೆದ. ಕೇರಳದ ಗೆಳತಿ ನನ್ನನ್ನು ಹೆಂಗಸರ ಕೋಣೆಗೆ ಎಳೆದುಕೊಂಡು ಹೋದಳು. ಅವಳ ಪೆಟ್ಟಿಗೆ, ಅದರೊಳಗಿನ ಕತ್ತರಿ, ಎರಡೂ ಆಗಲೇ ಸಾಮಾನಿನ ಜತೆ ಹೋಗಿದ್ದವು. ಗೋಣಿ ದಾರವನ್ನು ಅವಳು ಹಲ್ಲಿನಿಂದ ಕಚ್ಚಿದಳು, ನಾನು ಪಿನ್ನಿನಿಂದ ಎಳೆದೆ. ಅಮ್ಮನ ಹೊಲಿಗೆ ಜಗ್ಗಲಿಲ್ಲ. ಕೊನೆಗೆ ಬಟ್ಟೆಯೇ ಹರಿಯಿತು.

ಬೆವರು ಒರೆಸಿಕೊಳ್ಳುತ್ತಾ ಬಂದು ಪಾಸ್‌ಪೋರ್ಟು ಕೊಟ್ಟೆ. ಅಧಿಕಾರಿ ಅದನ್ನು ಕೈಗೆ ತೆಗೆದುಕೊಂಡು, ಯಾಕೆ ಬೆಚ್ಚಗಿದೆ ಅನ್ನುವ ಹಾಗೆ ಒಮ್ಮೆ ನನ್ನ ಮುಖ ನೋಡಿದ. ತೆರೆದ. ವೀಸಾ ಇದ್ದ ಹಾಳೆಯ ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಕುಂಕುಮ. ಹೊಲಿಯುವ ಮೊದಲು ಅಮ್ಮ ಪೂಜೆಯನ್ನೂ ಮುಗಿಸಿದ್ದಳು.

ಅವನು ಉಗುರಿನಿಂದ ಕೆರೆದು ನೋಡಿದ, ಮೂಸಿ ನೋಡಿದ, ಹಿರಿಯ ಅಧಿಕಾರಿಗೆ ತೋರಿಸಿದ. ಆ ಹಿರಿಯರು ಕನ್ನಡಕ ತೆಗೆದು, ಹಾಳೆ ನೋಡಿ, ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು: "ಬಿಡು. ನಮ್ಮ ಮುದ್ರೆಗಿಂತ ಮೊದಲು ಇವರ ಮನೆಯ ಮುದ್ರೆ ಬಿದ್ದಿದೆ."

ಬಾರೋ ಅಂದವನು

ನಾವು ಹೋದ ಊರು ರಾಜಧಾನಿಯಿಂದ ದೂರ. ಮೊದಮೊದಲು ಶಾಂತವಾಗಿತ್ತು. ಬರಬರುತ್ತಾ ಅಲ್ಲಿಯೂ ಮೆರವಣಿಗೆಗಳು ಶುರುವಾದವು. ಬೀದಿಯ ತುದಿಗಳಲ್ಲಿ ಸಿಪಾಯಿಗಳು ನಿಂತರು. ಆಸ್ಪತ್ರೆಗೆ ಗುಂಡೇಟು ತಿಂದವರು ಬರತೊಡಗಿದರು. ಗಾಯ ಕಟ್ಟುವಾಗ ಹೆದರುವುದಕ್ಕೆ ಪುರಸೊತ್ತಿರಲಿಲ್ಲ. ಕೆಲಸ ಮುಗಿಸಿ ಹಾಸ್ಟೆಲಿಗೆ ಬರುವಾಗ ಮಾತ್ರ ಗೋಡೆಯ ಪಕ್ಕಪಕ್ಕವೇ ನಡೆಯುತ್ತಿದ್ದೆ.

ಒಂದು ಬೆಳಿಗ್ಗೆ ನಾನೂ ಕೇರಳದ ಗೆಳತಿಯೂ ಡ್ಯೂಟಿಗೆ ಹೊರಟಿದ್ದೆವು. ಅವಳು ಚಪ್ಪಲಿ ಸರಿಮಾಡಿಕೊಳ್ಳುತ್ತಾ ಹಿಂದೆ ಉಳಿದಳು. ಮೂಲೆಯಲ್ಲಿ ಒಬ್ಬ ಸಿಪಾಯಿ ಬಂದೂಕು ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಕೈ ಬೀಸಿ ಕೂಗಿದ: "ಬೊರೋ!"

ಅವನಿಗೆ ಕನ್ನಡ ಬರುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಬಂದೂಕು ಎದುರಿಗಿದ್ದಾಗ ಕಿವಿ ತನಗೆ ಬರುವ ಭಾಷೆಯನ್ನೇ ಕೇಳಿಸಿಕೊಳ್ಳುತ್ತದೆ. ಸಿಪಾಯಿ ಹೇಳಿದ್ದನ್ನು ಮಾಡಬೇಕು ಅಂತ ಮಾವ ಒನಕೆ ಹಿಡಿದು ಕಲಿಸಿದ್ದು ಬೇರೆ. ಬಾರೋ ಅಂತಿದ್ದಾನೆ, ಹೋಗದಿದ್ದರೆ ಗುಂಡು ಹಾರಿಸುತ್ತಾನೆ ಅಂದುಕೊಂಡು ಅವನ ಕಡೆಗೇ ನಡೆದೆ. ಆ ಹೆದರಿಕೆಯಲ್ಲೂ, ಹೆಂಗಸಿಗೆ ಬಾರೇ ಅನ್ನಬೇಕು ಅನ್ನುವಷ್ಟೂ ಮರ್ಯಾದೆ ಇಲ್ಲವಲ್ಲ ಇವನಿಗೆ ಅಂತ ಸಿಟ್ಟು ಬಂತು.

ಅವನು ಇನ್ನೂ ಜೋರಾಗಿ, "ಬೊರೋ, ಬೊರೋ" ಅಂದ.

"ಬಂದೆ ಕಣಪ್ಪ, ಬರ್ತಾನೇ ಇದೀನಿ" ಅಂತ ಹೆಜ್ಜೆ ಬೇಗ ಹಾಕಿದೆ.

ಅವನ ಮುಖ ಬಿಳುಚಿಕೊಂಡಿತು. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ ಅವನಿಗೆ. ನಾನು ಮುಂದೆ ಹೋದಷ್ಟೂ ಅವನು ಹಿಂದೆ ಹೋದ. ಬೆನ್ನು ಗೋಡೆಗೆ ತಾಗಿತು. ಅಷ್ಟರಲ್ಲಿ ಗೆಳತಿ ಓಡಿ ಬಂದು ನನ್ನ ಕೈ ಹಿಡಿದು ಎಳೆದಳು.

"ಎಲ್ಲಿಗೆ ಹೋಗ್ತಿದ್ದೀಯ? ಅವನು ಹೋಗು ಅಂತಿದ್ದಾನೆ. ಅವರ ಭಾಷೆಯಲ್ಲಿ ಬೊರೋ ಅಂದರೆ ಹೋಗು."

ನಾನು ನಿಂತೆ. ಸಿಪಾಯಿ ಉಸಿರು ಬಿಟ್ಟ. ಮಾರನೆಯ ದಿನ ಅದೇ ಮೂಲೆಗೆ ಬಂದಾಗ ಅವನು ನನ್ನನ್ನು ದೂರದಿಂದಲೇ ನೋಡಿ, ಏನೂ ಕೂಗದೆ, ಸದ್ದಿಲ್ಲದೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತುಕೊಂಡ.

ಅಪ್ಪನ ಸೀಟಿ

ಊರು ಬಿಡುವಾಗ ಅಪ್ಪ ತಮ್ಮ ರೈಲ್ವೆ ಸೀಟಿಯನ್ನು ನನಗೆ ಕೊಟ್ಟಿದ್ದರು. "ಅಪಾಯ ಅನ್ಸಿದ್ರೆ ಊದು" ಅಂದಿದ್ದರು ಅಷ್ಟೇ. ಅದನ್ನು ಕೊರಳಲ್ಲಿ ಹಾಕಿಕೊಂಡಿದ್ದೆ, ಅಪ್ಪ ಹತ್ತಿರವಿದ್ದ ಹಾಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಹೊರಗೆ ಬಂದು ನಾವಿಬ್ಬರೂ ರಸ್ತೆ ದಾಟುತ್ತಿದ್ದೆವು. ಎಡಗಡೆಯಿಂದ ಮೆರವಣಿಗೆ ತಿರುಗಿತು, ಬಲಗಡೆಯಿಂದ ಸೈನ್ಯದ ಲಾರಿ ಬಂತು. ನಡುವೆ ನಾವು. ಗೆಳತಿ ಏಸುವನ್ನು ಕರೆದಳು. ನನಗೆ ಏನೂ ತೋಚದೆ ಸೀಟಿ ಬಾಯಿಗಿಟ್ಟು, ಕೈ ಮೇಲೆತ್ತಿ, ಉಸಿರಿದ್ದಷ್ಟೂ ಊದಿದೆ.

ಬಿಳಿ ಬಟ್ಟೆ, ಮೇಲೆತ್ತಿದ ಕೈ, ಸೀಟಿ. ಲಾರಿಯವನು ಯಾವುದೋ ಟ್ರಾಫಿಕ್ಕಿನವಳು ಅಂದುಕೊಂಡನೋ ಏನೋ, ಬ್ರೇಕು ಹಾಕಿಬಿಟ್ಟ. ಮೆರವಣಿಗೆಯ ಮುಂದಿನ ಸಾಲೂ ನಿಂತಿತು. ಇಬ್ಬರ ನಡುವಿನಿಂದ ಗೆಳತಿಯ ಕೈ ಹಿಡಿದು ದಾಟಿ, ಹಾಸ್ಟೆಲಿನ ಬಾಗಿಲು ಹಾಕಿಕೊಂಡು, ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ಅತ್ತೆವು.

ಅಪ್ಪನಿಗೆ ಇದನ್ನೆಲ್ಲ ಬರೆದೆ. ನಿಮ್ಮ ಸೀಟಿ ನನ್ನ ಜೀವ ಉಳಿಸಿತು ಅಂತ ಬರೆದೆ. ಓದಿ ಅವರ ಕಣ್ಣಲ್ಲಿ ನೀರು ಬರುತ್ತದೆ ಅಂದುಕೊಂಡಿದ್ದೆ. ಬಹಳ ದಿನಗಳ ಮೇಲೆ ಅಪ್ಪನ ಕಾರ್ಡು ಬಂತು: "ನೀನು ಮಾಡಿದ್ದು ತಪ್ಪು. ಸೀಟಿ ಊದುವುದು ಗಾಡಿ ಬಿಡುವುದಕ್ಕೆ, ನಿಲ್ಲಿಸುವುದಕ್ಕಲ್ಲ. ನಮ್ಮ ಇಲಾಖೆಯಲ್ಲಾಗಿದ್ದರೆ ಸಸ್ಪೆಂಡ್ ಮಾಡುತ್ತಿದ್ದರು."

ಶನಿವಾರ ಬಂದ ಸೇಫು

ಕೊನೆಗೆ ಅಲ್ಲಿ ಇರುವ ಹಾಗೆಯೇ ಇರಲಿಲ್ಲ. ಆಸ್ಪತ್ರೆಯವರೇ ನಮ್ಮನ್ನು ಕಳಿಸಿಕೊಡುವ ಏರ್ಪಾಡು ಮಾಡಿದರು. ವಿಮಾನ ಇದೆ ಅನ್ನುವುದು, ಇಲ್ಲ ಅನ್ನುವುದು. ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು. ಊರಿಗೆ ಸುದ್ದಿ ಕಳಿಸುವ ದಾರಿಯೂ ನಿಂತುಹೋಗಿತ್ತು. ಅಪ್ಪ ಅಮ್ಮ ರೇಡಿಯೋ ಮುಂದೆ ಕೂತು ಏನೇನು ಅಂದುಕೊಳ್ಳುತ್ತಿದ್ದಾರೋ ಅನ್ನುವುದೇ ನನಗೆ ಗುಂಡಿಗಿಂತ ದೊಡ್ಡ ಚಿಂತೆಯಾಗಿತ್ತು. ಅಂತೂ ವಿಮಾನ ಸಿಕ್ಕಿ ಬೊಂಬಾಯಿಯಲ್ಲಿ ಇಳಿದವಳು ಮೊದಲು ಮಾಡಿದ ಕೆಲಸ ತಂತಿ ಕಳಿಸಿದ್ದು. ಹೆಚ್ಚು ಮಾತು ಬೇಡ ಅಂತ ಇಂಗ್ಲಿಷಿನಲ್ಲಿ ಮೂರೇ ಪದ ಬರೆದೆ: ಸೇಫ್ ರೀಚಿಂಗ್ ಸ್ಯಾಟರ್ಡೇ. ಕ್ಷೇಮವಾಗಿದ್ದೇನೆ, ಶನಿವಾರ ಬರುತ್ತೇನೆ ಅಂತ.

ರೈಲು ಚಿಕ್ಕಜಾಜೂರಿನಲ್ಲಿ ನಿಲ್ಲುವ ಮೊದಲೇ ಎದ್ದು ನಿಂತಿದ್ದೆ. ಬಾಗಿಲಿನಿಂದಲೇ ಕಂಡರು: ಅಪ್ಪ, ಅಮ್ಮ, ಮಾವ. ಅವರ ಹಿಂದೆ ದಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡ ನಾಲ್ಕು ಜನ ಹಮಾಲರು. ಅಪ್ಪನ ಕೈಯಲ್ಲಿ ಎರಡು ಕಬ್ಬಿಣದ ಹಾರೆ. ಸ್ಟೇಷನ್ನಿನ ಹೊರಗೆ ಒಂದು ಎತ್ತಿನ ಗಾಡಿ.

ನಾನು ಇಳಿದೆ. ಅಮ್ಮ ನನ್ನ ಕೆನ್ನೆ ಸವರಿ ಅಳತೊಡಗಿದಳು. ಅಪ್ಪ ನನ್ನ ತಲೆ ಮೇಲೆ ಕೈ ಇಟ್ಟರು, ಆದರೆ ಕಣ್ಣು ನನ್ನ ಹಿಂದೆ ಇತ್ತು. ಮಾವ ನನ್ನನ್ನು ದಾಟಿ ಹೋಗಿ ಬೋಗಿಯೊಳಗೆ ಇಣುಕಿದರು.

"ಎಲ್ಲಮ್ಮ?"

"ಏನು ಮಾವ?"

"ಸೇಫು."

"ಯಾವ ಸೇಫು?"

ಮಾವ ಜೇಬಿನಿಂದ ತಂತಿ ತೆಗೆದು ತೋರಿಸಿದರು. "ನೀನೇ ಕಳ್ಸಿದೀಯಲ್ಲ. ಸೇಫ್ ಶನಿವಾರ ಬರ್ತೈತೆ ಅಂತ. ಭೀಮಸಮುದ್ರದ ಅಡಿಕೆ ಮಂಡಿಯೋರ ಮನ್ಯಾಗೆ ಐತೆ ನೋಡು, ಕಬ್ಬಿಣದ್ದು, ಗೋಡೆ ಹಂಗೆ ಭಾರ. ಅದನ್ನ ಇಳ್ಸಾಕೆ ಆರು ಜನ ಬೇಕಾಗಿತ್ತಂತೆ. ಪರದೇಶದ್ದು ಇನ್ನೂ ಭಾರ ಇರ್ತೈತೆ ಅಂತ ನಾನೇ ಹೇಳ್ದೆ. ಬೇಗ ಹೇಳು, ಗಾಡಿ ಬಿಡ್ತಾರೆ. ಲಗೇಜ್ ಬೋಗಿನಾಗೆ ಐತಾ?"

ನಾನು ಅಪ್ಪನ ಮುಖ ನೋಡಿದೆ. "ಅಪ್ಪಾ, ಇಷ್ಟು ವರ್ಷ ರೈಲ್ವೆಯಾಗೆ ಇದೀರ. ಸೇಫ್ ಅಂದ್ರೆ ಗೊತ್ತಿಲ್ವಾ?"

"ಯಾಕೆ ಗೊತ್ತಿಲ್ಲ?" ಅಂದರು ಅಪ್ಪ, ಅವಮಾನವಾದವರ ಹಾಗೆ. "ಜೋಪಾನಕ್ಕೆ ನಮ್ಮ ಇಲಾಖೆಯಾಗೆ ಸೇಫ್ಟಿ ಅಂತಾರೆ. ಬರೀ ಸೇಫ್ ಅಂದ್ರೆ ಸ್ಟೇಷನ್ನಾಗೆ ಟಿಕೀಟಿನ ದುಡ್ಡು ಇಡೋ ಪೆಟ್ಟಿಗೆ."

ನನಗೆ ಸಿಟ್ಟು ಬಂತು, ನಗು ಬಂತು, ಅಳುವೂ ಬಂತು. ಅಷ್ಟು ದಿನ ಗುಂಡಿನ ಸದ್ದಿನಲ್ಲಿ ಇದ್ದು, ಪ್ರಾಣ ಉಳಿಸಿಕೊಂಡು ಬಂದರೆ ಇವರು ಪೆಟ್ಟಿಗೆ ಹುಡುಕುತ್ತಿದ್ದಾರೆ.

"ಯಾವ ಪೆಟ್ಟಿಗೇನೂ ಇಲ್ಲ ಮಾವ" ಅಂದೆ. "ನಾನೇ ಸೇಫು."

ಅಮ್ಮ ಮಾತ್ರ ನನ್ನ ಕೈ ಬಿಟ್ಟಿರಲಿಲ್ಲ. "ಅಷ್ಟೇ ಸಾಕು ಬಿಡವ್ವ, ಇನ್ನೇನು ಬೇಕು" ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರೈಲು ಕೂಗಿ ಹೊರಟಿತು. ಮಾವ ಆ ಲಗೇಜ್ ಬೋಗಿ ಕಣ್ಮರೆಯಾಗುವವರೆಗೂ ನೋಡುತ್ತಾ ನಿಂತರು.

ಹಮಾಲರಲ್ಲಿ ಹಿರಿಯನಾಗಿದ್ದವನು ಹಗ್ಗವನ್ನು ಹೆಗಲಿನಿಂದ ಇಳಿಸಿ, ಸೊರಗಿ ಕಡ್ಡಿಯಾಗಿದ್ದ ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಮಾವನ ಕಡೆ ತಿರುಗಿದ.

"ಅಲ್ರೀ ಯಜಮಾನ್ರೇ, ಇಷ್ಟು ಸಣ್ಣ ಸೇಫಿಗೆ ನಾಲ್ಕು ಜನ ಯಾಕೆ ಬೇಕಾಗಿತ್ತು?"